ಕೊಸರಿಗೆ ಹೋದ ಇಪ್ಪತ್ತು ಹಕ್ಕಿ

“ಇವ್ಳು ಬಿಎಸ್ಸಿ ಮುಗ್ಸೋದು ಆಗೋ ಮಾತಲ್ಲ ಬುಡಿ” ಎಂದದ್ದು ಬೇರೆ ಯಾರೂ ಅಲ್ಲ, ನಮ್ಮಜ್ಜಿ. ಗುಟ್ಟಾಗಿಯೂ ಹೇಳಲಿಲ್ಲ. ದೇವರಾಜ ಮಾರುಕಟ್ಟೆಯ ವೀಳ್ಯದೆಲೆ ಸಾಲಿನಲ್ಲಿ, ತನ್ನ ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಎದುರಿನ ಬಾಳೆಹಣ್ಣಿನವನಿಗೂ ಪಕ್ಕದ ಹೂವಿನವಳಿಗೂ ಕೇಳುವ ಹಾಗೆ ಹೇಳಿದಳು. ನಾನು ಅವಳ ಮಗ್ಗುಲಲ್ಲೇ ಕುಳಿತು ಎಲೆ ಎಣಿಸುತ್ತಿದ್ದೆ.

“ಯಾಕಜ್ಜಿ ಅಂಗಂತೀಯ, ಓದ್ಲಿ ಬುಡು” ಎಂದ ಬಾಳೆಹಣ್ಣಿನವನು.

“ಓದ್ಬೇಡ ಅಂದ್ನಾ? ಮುಗ್ಸಕ್ಕಾಗಲ್ಲ ಅಂದೆ. ಇವ್ರಪ್ಪ ಮೂರನೇ ಕ್ಲಾಸು. ಇವ್ರವ್ವ ಅದೂ ಇಲ್ಲ. ನಾನು ಹೆಬ್ಬೆಟ್ಟು. ಇವ್ಳೊಬ್ಳು ಆಕಾಸ್ದಿಂದ ಉದುರ್ಬುಟ್ಲಾ?”

ಅಜ್ಜಿಗೆ ನನ್ನ ಮೇಲೆ ದ್ವೇಷವೇನೂ ಇರಲಿಲ್ಲ. ನನ್ನ ಕೈಯ ಮೇಲೆ ಆಸೆ ಇತ್ತು. ಆ ಸಾಲಿನಲ್ಲಿ ನನ್ನಷ್ಟು ಬೇಗ ಎಲೆ ಎಣಿಸುವವರು ಇನ್ನೊಬ್ಬರಿರಲಿಲ್ಲ. ಇದನ್ನು ನಾನು ಹೇಳಿಕೊಳ್ಳುವುದಕ್ಕಿಂತ ಹೆಚ್ಚಾಗಿ ಸಾಲಿನವರೇ ಹೇಳುತ್ತಿದ್ದರು. ಅಪ್ಪ ಬೆಳಗಿನ ಜಾವ ಸೈಕಲ್ಲಿನಲ್ಲಿ ಮಂಡಕಳ್ಳಿ ಕಡೆಯ ಎಲೆತೋಟಗಳಿಗೆ ಹೋಗಿ ಒದ್ದೆ ಗೋಣಿಯಲ್ಲಿ ಎಲೆ ಸುತ್ತಿಕೊಂಡು ಬರುತ್ತಿದ್ದರು. ಅಮ್ಮ ನಜರ್‌ಬಾದಿನ ಮನೆಯ ಅಂಗಳದಲ್ಲಿ ತೊಳೆದು, ಹರಿದದ್ದು ಬಾಡಿದ್ದು ಆರಿಸಿ ತೆಗೆಯುತ್ತಿದ್ದಳು. ಎಣಿಸಿ ಕಟ್ಟುವುದು ಅಜ್ಜಿ ಮತ್ತು ನಾನು. ಐದನೇ ವಯಸ್ಸಿಗೆ ನನ್ನನ್ನು ಹಲಗೆಯ ಮೇಲೆ ಕೂರಿಸಿಕೊಂಡವಳಿಗೆ, ಇಪ್ಪತ್ತರಲ್ಲಿ ಎದ್ದು ಹೋಗುತ್ತೇನೆ ಎಂದರೆ ಹೊಟ್ಟೆ ಉರಿಯದೆ ಇದ್ದೀತೆ?

ಎಣಿಸುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ಎಲೆಯನ್ನು ಒಂದೊಂದಾಗಿ ಯಾರೂ ಎಣಿಸುವುದಿಲ್ಲ. ಹೆಬ್ಬೆರಳು ಒಮ್ಮೆ ಸರಿದರೆ ಐದು ಎಲೆ ಬೀಸಣಿಗೆಯ ಹಾಗೆ ಬಿಚ್ಚಿಕೊಂಡು ಎಡಗೈಗೆ ಹೋಗಬೇಕು. ಅಂಥ ಇಪ್ಪತ್ತು ಐದು ಸೇರಿದರೆ ನೂರು, ಒಂದು ಕಟ್ಟು. ಮೊದಲ ಐದಕ್ಕೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತೇವೆ. ಲಾಭ, ಎರಡು, ಮೂರು, ಹೀಗೆ ಇಪ್ಪತ್ತರವರೆಗೆ. ಆಮೇಲೆ ಬಾಳೆನಾರಿನಿಂದ ಕಟ್ಟು ಬಿಗಿಯುವ ಮುಂಚೆ ಮೇಲೆ ನಾಲ್ಕು ಎಲೆ ಇಡಬೇಕು. ಅದು ಕೊಸರು. ದಾರಿಯಲ್ಲಿ ಎಲೆ ಹರಿದರೆ, ಕೊಂಡವರು ಮನೆಗೆ ಹೋಗಿ ಬೈದುಕೊಳ್ಳಬಾರದಲ್ಲ, ಅದಕ್ಕೆ. ಕೊಸರು ಇಡುವಾಗ ಬಾಯಿ ತೆರೆಯಬಾರದು. ಎಣಿಸಿ ಕೊಟ್ಟರೆ ಅದು ಕೊಸರು ಹೇಗಾದೀತು ಎನ್ನುವುದು ಅಜ್ಜಿಯ ಮಾತು. ಈ ನಾಲ್ಕು ಎಲೆಯ ವಿಷಯ ನೆನಪಿಟ್ಟುಕೊಳ್ಳಿ. ನನ್ನ ಡಿಗ್ರಿ ಅದರ ಮೇಲೆ ನಿಂತಿತ್ತು.

ತೊಂಬತ್ತರ ದಶಕದ ಮಾತು. ಪಿಯುಸಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಲ ಫೇಲಾಗಿ, ಮತ್ತೆ ಕಟ್ಟಿ, ಪಾಸಾಗಿ ಬಿಎಸ್ಸಿಗೆ ಸೇರಿದವಳು ನಾನು. ಕನ್ನಡದಲ್ಲಿ ಕಲಿತ ಕಪ್ಪೆಯ ಹೃದಯವನ್ನು ಇಂಗ್ಲಿಷಿನಲ್ಲಿ ಬರೆಯಲು ಒಂದು ವರ್ಷ ಹಿಡಿಯಿತು. ಬೆಳಿಗ್ಗೆ ಹಲಗೆ, ಆಮೇಲೆ ಕಾಲೇಜು, ಸಂಜೆ ಮತ್ತೆ ಹಲಗೆ. ಪುಸ್ತಕಕ್ಕೆ ಎಲೆಯ ನೀರು ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡೇ ಓದುತ್ತಿದ್ದೆ. ಅಜ್ಜಿಯ ಕರಾರು ಒಂದೇ: ಕೊನೆಯ ವರ್ಷ ಒಂದೇ ಏಟಿಗೆ ಮುಗಿಯಬೇಕು. “ಇನ್ನೊಂದ್ ಸಲ ಫೇಲು ಅಂದ್ಯೋ, ಪುಸ್ತಕ ಕಟ್ಟಿಟ್ಟು ಬಂದು ಕೂತ್ಕೋ. ಆಮೇಲೆ ಕಾಲೇಜು ಗೀಲೇಜು ಅನ್ಬಾರ್ದು.” ನಾನು ಒಪ್ಪಿದ್ದೆ.

ಕೊನೆಯ ವರ್ಷ ಪ್ರಾಣಿಶಾಸ್ತ್ರದವರಿಗೆ ಒಂದು ಅಧ್ಯಯನ ಪ್ರವಾಸವಿತ್ತು. ಕರಾವಳಿಗೆ ಹೋಗಿ, ಕಾಪುವಿನ ಹಳೆಯ ದೀಪಸ್ತಂಭ ಹತ್ತಿ, ಚಳಿಗಾಲಕ್ಕೆ ಬಂದ ಹಕ್ಕಿಗಳನ್ನು ನೋಡಿ, ಎಣಿಸಿ, ವರದಿ ಬರೆಯಬೇಕು. ವರದಿಗೆ ಮೇಷ್ಟ್ರ ಸಹಿ ಬೀಳದಿದ್ದರೆ ಪ್ರಾಯೋಗಿಕ ಪರೀಕ್ಷೆಗೆ ಕೂರುವಂತಿಲ್ಲ. ಪರೀಕ್ಷೆಗೆ ಕೂರದಿದ್ದರೆ ಫೇಲು. ಲೆಕ್ಕ ಅಷ್ಟು ಸರಳ.

ಆದರೆ ಪ್ರವಾಸ ಬಿದ್ದದ್ದು ಸಾಲು ಸಾಲು ಮದುವೆಗಳಿದ್ದ ವಾರದಲ್ಲಿ. ಎಲೆಗೆ ಅದಕ್ಕಿಂತ ದೊಡ್ಡ ಕಾಲ ಇಲ್ಲ.

“ಮೂರ್ ದಿನ ನಾನೊಬ್ಳೇ ಎಂಗೆ ಕಟ್ಲಿ?” ಎಂದಳು ಅಜ್ಜಿ.

“ಸಹಿ ಬೇಕು ಕಣಜ್ಜಿ. ಹೋಗ್ಲೇಬೇಕು.”

“ಹಕ್ಕಿ ನೋಡಕ್ಕೆ ಸಮುದ್ರಕ್ಯಾಕೆ ಹೋಗ್ಬೇಕು? ಇಲ್ಲೇ ಕಾರಂಜಿ ಕೆರೆ ತಾವ್ ಹೋಗಿ ನೋಡ್ಕೊಂಡ್ ಬಾ. ಬೇಕಾದಷ್ಟವೆ.”

ಕೊನೆಗೆ ನನ್ನ ತಂಗಿ ಹಲಗೆಯ ಮೇಲೆ ಕೂತಳು. ಅವಳಿಗಾಗ ಹೈಸ್ಕೂಲು. ಮೂರು ದಿನ ಶಾಲೆ ತಪ್ಪಿಸಿ ನನ್ನ ಜಾಗದಲ್ಲಿ ಎಲೆ ಕಟ್ಟಿದಳು. “ನೀ ಹೋಗಕ್ಕ, ನಾನ್ ನೋಡ್ಕೋತೀನಿ” ಎಂದು ಧಾರಾಳವಾಗಿ ಹೇಳಿದಳು. ಅದು ನನಗೆ ಇವತ್ತಿಗೂ ಚುಚ್ಚುತ್ತದೆ. ನಾನು ಬಸ್ಸು ಹತ್ತಿದ್ದು ಆ ಹುಡುಗಿಯ ಮೂರು ದಿನದ ಪಾಠದ ಮೇಲೆ ಕಾಲಿಟ್ಟು.

ಹೊರಡುವಾಗ ಅಜ್ಜಿ ನನ್ನ ಹಣೆಗೆ ವಿಭೂತಿ ಹಚ್ಚಿ, “ಸಮುದ್ರ ನಾನಂತೂ ನೋಡಿಲ್ಲ. ಎಷ್ಟು ದೊಡ್ಡದು ಅಂತ ನೋಡ್ಕೊಂಡ್ ಬಂದು ಹೇಳು” ಎಂದಳು. ಬೈದುಕೊಂಡೇ ಹೇಳಿದಳು ಅನ್ನಿ.

ಮಡಿಕೇರಿ ದಾಟಿ, ಘಟ್ಟ ಇಳಿದು, ಮಂಗಳೂರಿನ ಮೇಲೆ ಕಾಪು ಮುಟ್ಟಿದೆವು. ಬಸ್ಸಿನಲ್ಲಿ ನನ್ನ ಪಕ್ಕ ಕೂತವಳು ಸಿದ್ಧಾರ್ಥನಗರದ ಡಾಕ್ಟರ ಮಗಳು. ಕೊರಳಲ್ಲಿ ಸ್ವಂತ ಬೈನಾಕ್ಯುಲರು. ಕಾಲೇಜಿನದು ಎರಡೇ ಇದ್ದವು, ಅವು ಹುಡುಗರ ಕೈಯಿಂದ ಈಚೆ ಬರುತ್ತಿರಲಿಲ್ಲ. ಅವಳು ಒಳ್ಳೆಯವಳು, ಅರ್ಧ ಹೊತ್ತು ತನ್ನದನ್ನೇ ನನಗೆ ಕೊಡುತ್ತಿದ್ದಳು. ಹಿಂದಿನ ಸೀಟಿನ ಹುಡುಗರು ಮಾತ್ರ ದಾರಿಯುದ್ದಕ್ಕೂ, “ಏನ್ರೀ, ಊಟ ಆದ್ಮೇಲೆ ಹಾಕ್ಕೊಳಕ್ಕೆ ಎಲೆ ಅಡಿಕೆ ತಂದಿದೀರಾ?” ಎಂದು ಕೇಳುತ್ತಿದ್ದರು. ಎರಡನೇ ದಿನ ನಾನು ನಿಜವಾಗಿಯೂ ಒಂದು ಕಟ್ಟು ತೆಗೆದುಕೊಟ್ಟೆ. ಆಮೇಲೆ ಸುಮ್ಮನಾದರು.

ದೀಪಸ್ತಂಭ ನಿಂತಿರುವುದು ಕಡಲಿಗೆ ಮುಖಕೊಟ್ಟ ಒಂದು ದೊಡ್ಡ ಬಂಡೆಯ ಮೇಲೆ. ಬ್ರಿಟಿಷರ ಕಾಲದ ಕಟ್ಟಡ. ಕಪ್ಪು ಬಿಳಿ ಪಟ್ಟೆ ಬಳಿದಿದ್ದರು. ಸಂಜೆ ಮಾತ್ರ ಮೇಲೆ ಬಿಡುತ್ತಿದ್ದರು. ಬಂಡೆಯ ಮೆಟ್ಟಿಲು ಹತ್ತಿ, ಚಪ್ಪಲಿ ಬಿಟ್ಟು, ಒಳಗೆ ಸುತ್ತು ಮೆಟ್ಟಿಲು ಹತ್ತಬೇಕು. ಒಳಗೆ ತಣ್ಣಗೆ, ಸುಣ್ಣದ ವಾಸನೆ. ಮೇಲೆ ಹೋಗುತ್ತಾ ಹೋಗುತ್ತಾ ಗೋಡೆ ಹತ್ತಿರವಾಗುತ್ತದೆ, ಮುಂದಿನವರ ಹಿಮ್ಮಡಿ ನಿಮ್ಮ ಮೂಗಿನ ನೇರಕ್ಕೆ ಬರುತ್ತದೆ. ನೆತ್ತಿಯಲ್ಲಿ ದೀಪದ ಕೋಣೆ. ಆಳೆತ್ತರದ ಗಾಜು, ಈರುಳ್ಳಿಯ ಪದರದ ಹಾಗೆ ಸುತ್ತ ಕೊರೆದು ಜೋಡಿಸಿದ್ದು. ಹಗಲು ಅದಕ್ಕೆ ಪರದೆ ಎಳೆದಿರುತ್ತಾರೆ.

“ಪರದೆ ಎಂಥಕ್ಕೆ?” ಎಂದು ನಾನು ಕೇಳಿದೆ. ದೀಪ ನೋಡಿಕೊಳ್ಳುವವರು ವಯಸ್ಸಾದವರು, ಅಲ್ಲಿಯವರೇ. ನನ್ನ ಬಾಯಿಗೆ ಆಗಲೇ ಅವರ ಮಾತಿನ ಧಾಟಿ ಹತ್ತಿಬಿಟ್ಟಿತ್ತು, ಅದಕ್ಕೆ ಅವರಿಗೆ ನಗು.

“ಗಾಜು ಒಳಗಿನ ಬೆಳಕನ್ನು ಹೊರಗೆ ಕಳಿಸ್ತದೆ, ಹೌದಲ್ಲಾ? ಹಗಲು ಪರದೆ ತೆಗೆದ್ರೆ ಹೊರಗಿನ ಸೂರ್ಯನನ್ನು ಒಳಗೆ ಕಳಿಸ್ತದೆ. ಒಳಗಿದ್ದದ್ದು ಸುಟ್ಟು ಹೋಗ್ತದೆ ಮಾರಾಯ್ತಿ.” ಹಿಂದೆ ಸೀಮೆಎಣ್ಣೆಯ ದೀಪವಿತ್ತಂತೆ, ಗಾಜು ತಿರುಗಲು ಗಡಿಯಾರಕ್ಕೆ ಕೊಟ್ಟ ಹಾಗೆ ಕೀಲಿ ಕೊಡುತ್ತಾ ಇರಬೇಕಿತ್ತಂತೆ. “ಎಷ್ಟು ಸುತ್ತು ಕೊಟ್ಟೆ ಅಂತ ಕೈಗೇ ಗೊತ್ತಿರ್ತಿತ್ತು. ತಲೆಯಲ್ಲಿ ಎಣಿಸ್ಲಿಕ್ಕಿಲ್ಲ” ಎಂದರು. ನನಗೆ ಆ ಮಾತು ಚೆನ್ನಾಗಿ ಅರ್ಥವಾಯಿತು.

ಅಲ್ಲಿಂದ ಒಂದು ಚಿಕ್ಕ ಬಾಗಿಲು ಬಗ್ಗಿ ದಾಟಿದರೆ ಸುತ್ತ ಕಂಬಿ ಕಟ್ಟಿದ ಹೊರಗಿನ ಕಟಾಂಜನ. ಗಾಳಿ ದುಪಟ್ಟವನ್ನು ಕಿತ್ತು ಮುಖಕ್ಕೆ ಬಡಿಯಿತು. ಮುಖದಿಂದ ಬಟ್ಟೆ ತೆಗೆದಾಗ ಎದುರಿಗೆ ಸಮುದ್ರ. ಅಜ್ಜಿಗೆ ಎಷ್ಟು ದೊಡ್ಡದು ಎಂದು ಹೇಳಲಿ ಎಂದು ಅಲ್ಲೇ ಯೋಚನೆ ಹತ್ತಿತು. ಅಷ್ಟು ದೊಡ್ಡದರ ಮುಂದೆ ನಿಂತೂ ನನಗೆ ಹೆದರಿಕೆಯಾಗಲಿಲ್ಲ ಎನ್ನುವುದು ನನಗೇ ಆಶ್ಚರ್ಯ. ಇಷ್ಟು ದೂರ ಬಂದವಳು ಮುಂದೂ ಹೋಗುತ್ತೇನೆ ಅನ್ನಿಸಿತು, ಅಷ್ಟೇ.

ಕೆಳಗೆ ಬಂಡೆಯ ಅಂಚಿನಲ್ಲಿ ಬೂದುಗಪ್ಪು ಬಣ್ಣದ ಒಂದು ಕೊಕ್ಕರೆ ಅಲೆಯ ನೊರೆಯಲ್ಲಿ ಮೀನಿಗೆ ಹೊಂಚು ಹಾಕಿತ್ತು. ಗೊರವಗಳು ಅಲೆ ಹಿಂದೆ ಸರಿದಾಗ ಅದರ ಬೆನ್ನಟ್ಟಿ ಓಡಿ, ಅಲೆ ಬಂದಾಗ ಪುಟಪುಟನೆ ವಾಪಸು ಓಡುತ್ತಿದ್ದವು. ಬಡಗಣಕ್ಕೆ, ಹಳ್ಳದ ನೀರು ಕಡಲಿಗೆ ಸೇರುವ ಕಡೆ, ಮರಳಿನ ನಾಲಿಗೆಯೊಂದು ಚಾಚಿಕೊಂಡಿತ್ತು. ಅದರ ಮೇಲೆ ಕಡಲಕ್ಕಿಗಳ ಹಿಂಡು. ಕಂದು ತಲೆಯ ಕಡಲಕ್ಕಿ ಎಂದು ಹೆಸರು, ಆದರೆ ಚಳಿಗಾಲದಲ್ಲಿ ತಲೆ ಬಿಳಿಯೇ, ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ. ಹಿಮಾಲಯದ ಆಚೆಯ ಕೆರೆಗಳಿಂದ ಬಂದವು. ಎಲ್ಲವೂ ಗಾಳಿಗೆ ಎದುರಾಗಿ, ಒಂದೇ ದಿಕ್ಕಿಗೆ ಮುಖ ಮಾಡಿ ಕೂತಿದ್ದವು.

ನೋಡಿದ ಕೂಡಲೇ ನನಗೆ ಬೇರೇನೂ ಹೊಳೆಯಲಿಲ್ಲ. ಜೋಡಿಸಿಟ್ಟ ಎಲೆ!

ಮೇಷ್ಟ್ರು ಮಂಡಿನೋವಿನವರು, ಮೇಲೆ ಬರದೆ ಕೆಳಗೆ ಬಂಡೆಯ ನೆತ್ತಿಯಲ್ಲೇ ನಿಂತು ಉದ್ದನೆಯ ಲೆನ್ಸು ಹಾಕಿ ಹಿಂಡಿನ ಫೋಟೋ ತೆಗೆಯುತ್ತಿದ್ದರು. ಇಲಾಖೆಯ ಆಲ್ಬಮ್ಮಿಗೆ. ನಮಗೆ ಹೇಳಿದ್ದು ಇಷ್ಟು: ಮೇಲಿನಿಂದ ಆ ಹಿಂಡನ್ನು ಎಣಿಸಿ, ಯಾರನ್ನೂ ಕೇಳದೆ ಅವರವರ ಸಂಖ್ಯೆ ಬರೆದುಕೊಳ್ಳಿ.

ನನ್ನ ಹೆಬ್ಬೆರಳು ತಾನಾಗಿಯೇ ಸರಿಯತೊಡಗಿತು. ಲಾಭ, ಎರಡು, ಮೂರು. ಒಂದು ಸರಿತಕ್ಕೆ ಐದು ಹಕ್ಕಿ. ನೂರಾದಾಗ ಎಡಗೈಯ ಒಂದು ಬೆರಳು ಮಡಿಸಿದೆ. ಮತ್ತೆ ಲಾಭ. ಪಕ್ಕದಲ್ಲಿದ್ದ ಗೆಳತಿ, ಅದೇ ಡಾಕ್ಟರ ಮಗಳು, ನನ್ನ ಕೈ ನೋಡಿ, “ಏನೇ, ಇಲ್ಲೂ ಎಲೆ ಕಟ್ತಾ ಇದೀಯಾ?” ಎಂದಳು. ನಾನು ತಲೆ ಎತ್ತಲಿಲ್ಲ. ಎಡಗೈಯ ಐದು ಬೆರಳೂ ಮಡಿಸಿ, ಮೇಲೆ ಹದಿನೆಂಟು. ಐನೂರ ಹದಿನೆಂಟು. ಬರೆದು ಮುಗಿಸುವಷ್ಟರಲ್ಲಿ ತೆಂಗಿನ ತೋಟದ ಕಡೆಯಿಂದ ಒಂದು ಗರುಡ ತೇಲಿ ಬಂತು, ಇಡೀ ಹಿಂಡು ಚಾಪೆ ಕೊಡವಿದ ಹಾಗೆ ಮೇಲೆದ್ದಿತು.

ಊರಿಗೆ ಬಂದು ಹದಿನೈದು ದಿನಕ್ಕೆ ವರದಿ ಕೊಟ್ಟೆವು. ಮೇಷ್ಟ್ರು ತರಗತಿಯಲ್ಲೇ ಒಂದೊಂದಾಗಿ ತಿರುವುತ್ತಾ ನನ್ನದಕ್ಕೆ ಬಂದು ನಿಂತರು.

“ಇದೇನಮ್ಮ ಇದು, ಐನೂರ ಹದಿನೆಂಟು?”

“ಎಣಿಸಿದ್ದು ಸಾರ್.”

“ಎಲ್ಲರೂ ಸುಮಾರು ನಾನೂರು, ಸುಮಾರು ಐನೂರು ಅಂತ ಬರ್ದಿದಾರೆ. ನಿಂಗೊಬ್ಳಿಗೆ ಈ ಹದಿನೆಂಟು ಎಲ್ಲಿಂದ ಬಂತು?”

“ಅಲ್ಲೇ ಕೂತಿದ್ವು ಸಾರ್.”

ತರಗತಿ ಗೊಳ್ಳೆಂದಿತು. ನಾನು ತಮಾಷೆಗೆ ಹೇಳಿದ್ದಲ್ಲ. ಅವರ ಮುಖ ಬಿಗಿಯಿತು. ಅಷ್ಟು ಹಕ್ಕಿಯನ್ನು ಅಷ್ಟು ಹೊತ್ತಿನಲ್ಲಿ ಬಿಡಿಬಿಡಿಯಾಗಿ ಎಣಿಸಲು ಯಾರಿಗೂ ಸಾಧ್ಯವಿಲ್ಲ, ಇದು ಮನೆಯಲ್ಲಿ ಕೂತು ಹುಟ್ಟಿಸಿದ ಸಂಖ್ಯೆ, ನಿಜದ ಹಾಗೆ ಕಾಣಲಿ ಎಂದು ಬಾಲ ಸೇರಿಸಿದ್ದೀಯ ಎಂದರು. ಕೆಂಪು ಇಂಕಿನಲ್ಲಿ ಅದರ ಸುತ್ತ ಗೆರೆ ಎಳೆದರು.

“ಒಂದು ಹಕ್ಕಿನೂ ತಪ್ಪಿಲ್ವಾ ಹಾಗಾದ್ರೆ?”

“ಒಂದೂ ತಪ್ಪಿಲ್ಲ ಸಾರ್.”

ಅಲ್ಲಿ ನನ್ನ ಬಾಯಿ ಸ್ವಲ್ಪ ಮುಂದೆ ಹೋಯಿತು, ಒಪ್ಪುತ್ತೇನೆ. ಹದಿನೈದು ವರ್ಷ ಎಲೆ ಎಣಿಸಿದ ಕೈ. ಒಬ್ಬ ಗಿರಾಕಿಯೂ ಕಮ್ಮಿ ಬಂತು ಎಂದು ವಾಪಸು ಬಂದದ್ದಿಲ್ಲ.

ತರಗತಿ ಮುಗಿದ ಮೇಲೆ ಕರೆದು ಮೆತ್ತಗೆ ಹೇಳಿದರು. ಅವರು ಕೆಟ್ಟವರಲ್ಲ. “ನೋಡಮ್ಮ, ‘ಸುಮಾರು ಐನೂರು’ ಅಂತ ತಿದ್ದಿಕೊಂಡು ಬಾ. ಈಗಲೇ ಸಹಿ ಹಾಕ್ತೀನಿ. ಯಾಕೆ ಹಟ?”

ತಿದ್ದಬಹುದಿತ್ತು. ಒಂದು ಪದ. ಸಹಿ ಸಿಗುತ್ತಿತ್ತು, ಅಜ್ಜಿಯ ಕರಾರೂ ಉಳಿಯುತ್ತಿತ್ತು. ಆದರೆ ತಿದ್ದಿದರೆ ಹುಟ್ಟಿಸಿ ಬರೆದೆ ಎಂದು ನಾನೇ ಒಪ್ಪಿಕೊಂಡ ಹಾಗೆ. ಅಷ್ಟು ವರ್ಷ ಕಷ್ಟಪಟ್ಟು ಕೊನೆಗೆ ಸುಳ್ಳಿ ಎನ್ನಿಸಿಕೊಂಡು ಪಾಸಾಗುವುದೇ?

“ಸಾರ್, ನೀವು ಕೆಳಗಿಂದ ಫೋಟೋ ತೆಗೆದ್ರಲ್ಲ, ಅದೇ ಹಿಂಡು, ಅದೇ ಹೊತ್ತು. ಅದರಲ್ಲಿ ಎಣಿಸಿ ನೋಡೋಣ.”

ಅವರು ವರದಿ ಮುಚ್ಚಿ, “ಆಗಲಿ. ತೊಳೆಸಿ ದೊಡ್ಡದು ಮಾಡಿಸ್ತೀನಿ. ಆಮೇಲೆ ಅಳಬಾರದು” ಎಂದರು.

ಒಂದು ವಾರಕ್ಕೆ ಫೋಟೋ ಬಂತು. ಎರಡು ತುಂಡು ಜೋಡಿಸಿ ಅಂಟಿಸಿದ್ದರು. ಸ್ಟಾಫ್‌ರೂಮಿನ ಮೇಜಿನ ಮೇಲೆ ಹರಡಿ, ಗುಂಡುಸೂಜಿಯಿಂದ ಒಂದೊಂದು ಹಕ್ಕಿಗೂ ಚುಚ್ಚಿ ಗುರುತು ಮಾಡುತ್ತಾ ಎಣಿಸಿದರು. ನಾನೂ ನನ್ನ ಗೆಳತಿಯೂ ಆಚೆ ಈಚೆ ನಿಂತಿದ್ದೆವು. ಐನೂರು ದಾಟಿತು. ಐನೂರ ಹದಿನೆಂಟೂ ದಾಟಿತು. ಸೂಜಿ ನಿಲ್ಲಲಿಲ್ಲ. ಐನೂರ ಮೂವತ್ತೆಂಟು.

“ನಾನೊಂದ್ ಸಲ ಎಣಿಸ್ಲಾ ಸಾರ್?” ಎಂದಳು ಗೆಳತಿ. ಚುಚ್ಚಿದ ತೂತುಗಳನ್ನು ಬೆಳಕಿಗೆ ಹಿಡಿದು ಎಣಿಸಿದಳು. ಅಷ್ಟೇ ಬಂತು.

“ಇಪ್ಪತ್ತು ಹೆಚ್ಚು ಕಮ್ಮಿ ದೊಡ್ಡ ವಿಷಯ ಅಲ್ಲ” ಎಂದರು ಮೇಷ್ಟ್ರು. “ಯಾರಿಗಾದ್ರೂ ಆಗತ್ತೆ. ಆದ್ರೆ ನೀನು ಒಂದೂ ತಪ್ಪಿಲ್ಲ ಅಂದ್ಯಲ್ಲ? ಎಣಿಸದೇ ಅಂದಾಜಿಗೆ ಬರೆದದ್ದು ಅಂತ ಈಗಲಾದ್ರೂ ಒಪ್ಕೊ. ಸೋಮವಾರ ತಿದ್ದಿಕೊಂಡು ತಾ. ಆಮೇಲೆ ನನ್ನ ಕೈಲಿಲ್ಲ, ಪರೀಕ್ಷೆಗೆ ಕೂರೋರ ಪಟ್ಟಿ ಕಳಿಸಿಬಿಡ್ತೀನಿ.”

ಅಂದು ಶುಕ್ರವಾರ. ನಾನು ಅಳಲಿಲ್ಲ. ಆದರೆ ಮಾರುಕಟ್ಟೆಯವರೆಗೆ ಹೇಗೆ ನಡೆದೆನೋ ತಿಳಿಯದು. ಹಕ್ಕಿಗಳು ನನಗೆ ಮುಖ್ಯವಾಗಿರಲಿಲ್ಲ. ನನ್ನ ಕೈ ಸುಳ್ಳು ಹೇಳಿತ್ತು. ಅದು ಹೇಗೆ?

ಶನಿವಾರ ಬೆಳಿಗ್ಗೆ ಹಲಗೆಯ ಮೇಲೆ ಕೂತಿದ್ದೆ. ಮದುವೆ ಮನೆಯವರೊಬ್ಬರು ಬಂದು ಐದು ಕಟ್ಟು ಎಲೆ ಕೇಳಿದರು. ಅಜ್ಜಿ ಎಣಿಸತೊಡಗಿದಳು. ಲಾಭ, ಎರಡು, ಮೂರು. ಇಪ್ಪತ್ತಕ್ಕೆ ಬಂದು, ತುಟಿ ಮುಚ್ಚಿ, ನಾಲ್ಕು ಎಲೆ ಮೇಲಿಟ್ಟು, ನಾರು ಸುತ್ತಿದಳು. ಮತ್ತೆ ಲಾಭ. ತುಟಿ ಮುಚ್ಚಿತು. ನಾಲ್ಕು ಎಲೆ. ನಾರು.

ನಾನು ಅವಳ ತುಟಿಯನ್ನೇ ನೋಡುತ್ತಿದ್ದೆ.

“ಅಜ್ಜಿ, ಐದ್ ಕಟ್ಟಿಗೆ ಕೊಸರು ಎಷ್ಟಾಯ್ತು?”

“ಕೊಸರು ಎಣಿಸ್ತಾರೇನೇ, ಅನಿಷ್ಟದವ್ಳೇ! ಬೆಳಿಗ್ಗೆ ಬೆಳಿಗ್ಗೆ!”

“ಇಪ್ಪತ್ತು ಕಣಜ್ಜಿ! ಇಪ್ಪತ್ತು!” ಎಂದು ಕೂಗಿಬಿಟ್ಟೆ. ಮದುವೆ ಮನೆಯವರು ಗಾಬರಿಯಾಗಿ ನನ್ನನ್ನು ನೋಡಿದರು. ಅಜ್ಜಿ ಅವರಿಗೆ ಸಮಾಧಾನ ಹೇಳಿದಳು: “ನೀವ್ ಹೋಗಿ ಬುದ್ಧಿ, ಏನಿಲ್ಲ. ಓದಿ ಓದಿ ಇಂಗಾಗೈತೆ.”

ದೀಪಸ್ತಂಭದ ಮೇಲೆ ನಾನು ಮಾಡಿದ್ದು ಇಷ್ಟೇ. ನೂರಾದ ಕೂಡಲೇ ಬೆರಳು ಮಡಿಸಿದೆ, ಕಣ್ಣು ತಾನಾಗಿ ಮುಂದಿನ ನಾಲ್ಕು ಹಕ್ಕಿಯನ್ನು ಕೊಸರಿಗೆ ಬಿಟ್ಟು ಮತ್ತೆ ಲಾಭದಿಂದ ಶುರುಮಾಡಿತು. ಐದು ನೂರಕ್ಕೆ ಐದು ಸಲ. ಹಿಮಾಲಯ ದಾಟಿ ಬಂದ ಇಪ್ಪತ್ತು ಕಡಲಕ್ಕಿಗಳನ್ನು ನಾನು ಯಾರಿಗೋ ಪುಕ್ಕಟೆ ಕೊಟ್ಟುಬಿಟ್ಟಿದ್ದೆ.

ಸೋಮವಾರ ಒದ್ದೆ ಬಟ್ಟೆಯಲ್ಲಿ ಒಂದಷ್ಟು ಬಿಡಿ ಎಲೆ ಸುತ್ತಿಕೊಂಡು ಸ್ಟಾಫ್‌ರೂಮಿಗೆ ಹೋದೆ. ವರದಿ ತಿದ್ದಿರಲಿಲ್ಲ.

“ಏನಮ್ಮ, ತಾಂಬೂಲ ಕೊಟ್ಟು ಸಹಿ ಕೇಳಕ್ಕೆ ಬಂದ್ಯಾ?” ಎಂದರು ಮೇಷ್ಟ್ರು. ಪಕ್ಕದ ಮೇಜಿನವರು ನಕ್ಕರು.

“ಇಲ್ಲ ಸಾರ್. ಎಣಿಸಿ ತೋರ್ಸಕ್ಕೆ.”

ಮೇಜಿನ ಮೇಲೆ ಬಟ್ಟೆ ಹಾಸಿ, ಎಂದಿನ ಹಾಗೆ ಒಂದು ಕಟ್ಟು ಎಣಿಸಿ, ನಾರು ಬಿಗಿದು ಅವರ ಕೈಗೆ ಕೊಟ್ಟೆ. “ಇದರಲ್ಲಿ ಎಷ್ಟಿದೆ?” ಎಂದರು. “ನೂರು ಸಾರ್” ಎಂದೆ. ಅವರು ನಾರು ಬಿಚ್ಚಿ ಒಂದೊಂದಾಗಿ ಎಣಿಸಿದರು. ನಿಧಾನದ ಕೈ, ಮೂರು ಎಲೆ ಹರಿದರು.

“ನೂರಾ ನಾಲ್ಕಿದೆಯಲ್ಲ?”

“ಆ ನಾಲ್ಕು ಕೊಸರು ಸಾರ್. ನಾವು ಎಣಿಸಲ್ಲ.” ಆಮೇಲೆ ಎಲ್ಲವನ್ನೂ ಹೇಳಿದೆ. ಐದು ನೂರು, ಐದು ನಾಲ್ಕು, ಇಪ್ಪತ್ತು.

ಅವರು ಕೇಳಿಸಿಕೊಂಡರು, ಆದರೆ ಪೂರ್ತಿ ನಂಬಲಿಲ್ಲ. ವಿಜ್ಞಾನದ ಮೇಷ್ಟ್ರು ನಂಬಬಾರದು ಕೂಡ. ಕಪಾಟಿನಿಂದ ಫೋಟೋ ತೆಗೆದು, ತಲೆಕೆಳಗು ಮಾಡಿ ನನ್ನ ಮುಂದೆ ಗೋಡೆಗೆ ಒರಗಿಸಿದರು. “ಸೂಜಿ ಬೇಡ. ಮುಟ್ಟಬೇಡ. ಅಲ್ಲಿ ಎಣಿಸಿದ ಹಾಗೇ ಈಗ ಎಣಿಸು.”

ಕಟಾಂಜನದಲ್ಲಿ ನಿಂತ ಹಾಗೆ ಎರಡು ಹೆಜ್ಜೆ ದೂರ ನಿಂತೆ. ಕೊಸರಿನ ಬಗ್ಗೆ ಯೋಚಿಸದೆ ಎಣಿಸುವುದೇ ಕಷ್ಟವಾಗಿತ್ತು, ಅದಕ್ಕೆ ಹೆಬ್ಬೆರಳಿಗೆ ಬಿಟ್ಟುಬಿಟ್ಟೆ. ಲಾಭ, ಎರಡು, ಮೂರು. ಗಡಿಯಾರ ನೋಡುತ್ತಾ ಕೂತಿದ್ದ ಮೇಷ್ಟ್ರು ನಾನು ನಿಲ್ಲಿಸಿದಾಗ ತಲೆ ಎತ್ತಿದರು.

“ಐನೂರ ಹದಿನೆಂಟು ಸಾರ್.”

“ಇನ್ನೊಂದ್ ಸಲ. ಈಗ ನೆಟ್ಟಗಿಟ್ಟು.”

ಐನೂರ ಹದಿನೆಂಟು.

ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, “ಅಲ್ಲಮ್ಮ, ನೀನು ಸರಿಯಾಗಿ ಎಣಿಸಿದ್ರೆ ನಾನು ನಂಬ್ತಿರ್ಲಿಲ್ಲ. ಯಾರನ್ನೋ ಕೇಳಿ ಬರ್ದಿದೀಯ ಅಂತಿದ್ದೆ. ಇಷ್ಟು ಕರಾರುವಾಕ್ಕಾಗಿ ತಪ್ಪು ಮಾಡೋದು ಎಣಿಸಿದವರಿಗೆ ಮಾತ್ರ ಸಾಧ್ಯ” ಎಂದರು. ಕೆಂಪು ಗೆರೆಯ ಪಕ್ಕದಲ್ಲೇ ನೀಲಿ ಇಂಕಿನಲ್ಲಿ ಸಹಿ ಹಾಕಿದರು. ಆದರೆ ಸುಮ್ಮನೆ ಬಿಡಲಿಲ್ಲ. ತಪ್ಪು ಹೇಗಾಯಿತು ಎಂದು ಒಂದು ಪುಟ ಬರೆದು ವರದಿಗೆ ಸೇರಿಸು ಎಂದರು. ಬರೆದೆ. ಕೊಸರಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕೋ ನನಗೆ ಗೊತ್ತಿರಲಿಲ್ಲ. ಇಂಗ್ಲಿಷ್ ವರದಿಯ ನಡುವೆ ಆ ಒಂದು ಪದವನ್ನು ಕನ್ನಡದಲ್ಲೇ ಬರೆದೆ. ಅವರು ಅದನ್ನು ಹೊಡೆದು ಹಾಕಲಿಲ್ಲ. ಪ್ರಾಯೋಗಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಉಳಿದ ಪುಟಗಳನ್ನು ತಿರುವಿ ಹಾಕಿ, ಆ ಪುಟದ ಬಗ್ಗೆಯೇ ಕಾಲು ಗಂಟೆ ಕೇಳಿದರು. ಅಷ್ಟು ಸಲೀಸಾಗಿ ನಾನು ಯಾವ ಪ್ರಶ್ನೆಗೂ ಉತ್ತರ ಕೊಟ್ಟಿರಲಿಲ್ಲ.

ಈಗಲೂ ಚಳಿಗಾಲದಲ್ಲಿ ಕೆರೆಗಳ ಹಕ್ಕಿ ಎಣಿಸಲು ಕರೆದರೆ ಹೋಗುತ್ತೇನೆ. ಹೆಬ್ಬೆರಳು ತನ್ನ ಹಳೆಯ ಚಾಳಿ ಬಿಟ್ಟಿಲ್ಲ. ಬಿಡಿಸಲು ನಾನೂ ಹೋಗಿಲ್ಲ. ಎಣಿಸಿ ಮುಗಿಸಿ, ನೂರಕ್ಕೆ ನಾಲ್ಕು ಸೇರಿಸಿ ಬರೆಯುತ್ತೇನೆ. ಜೊತೆಗಿರುವವರು ಇದೇನು ಲೆಕ್ಕ ಎಂದು ಕೇಳಿದರೆ, ನನ್ನ ಡಿಗ್ರಿಯ ಲೆಕ್ಕ ಎನ್ನುತ್ತೇನೆ.

ಆ ವರ್ಷದ ಫಲಿತಾಂಶ ಬಂತು, ಎರಡನೇ ದರ್ಜೆ. ಒಂದೇ ಏಟಿಗೆ. ಪದವಿ ಪ್ರಮಾಣಪತ್ರ ಕೈಗೆ ಬಂದ ದಿನ ಮನೆಗೆ ಹೋಗಲಿಲ್ಲ, ನೇರವಾಗಿ ಮಾರುಕಟ್ಟೆಗೆ ನಡೆದೆ. ಸಂಜೆಯ ವ್ಯಾಪಾರದ ಹೊತ್ತು. ಅಜ್ಜಿ ಹಲಗೆಯ ಮೇಲಿದ್ದಳು. ಮಗ್ಗುಲಲ್ಲಿ, ನಾನು ಕೂರುತ್ತಿದ್ದ ಜಾಗದಲ್ಲಿ, ತಂಗಿ ತಲೆ ಬಗ್ಗಿಸಿ ನಾರು ಸೀಳುತ್ತಿದ್ದಳು. ಎಸ್ಸೆಸ್ಸೆಲ್ಸಿ ಮುಗಿಸಿ ಎರಡು ತಿಂಗಳಾಗಿತ್ತು. ಕಾಲೇಜಿನ ಮಾತನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಅವಳೂ ಎತ್ತಿರಲಿಲ್ಲ.

ಅಜ್ಜಿಗೆ ಪ್ರಮಾಣಪತ್ರ ಚಾಚಿದೆ. ಕೂಡಲೇ ತೆಗೆದುಕೊಳ್ಳಲಿಲ್ಲ. ಸೆರಗಿನಿಂದ ಎರಡೂ ಕೈ ಒರೆಸಿಕೊಂಡಳು, ಒಮ್ಮೆ ಸಾಲದೆಂದು ಇನ್ನೊಮ್ಮೆ ಒರೆಸಿಕೊಂಡಳು. ಆಮೇಲೆ ಅಂಚು ಹಿಡಿದು, ಬಾಡಿದ ಎಲೆ ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡಿದಳು.

“ನಿನ್ನ ಹೆಸ್ರು ಎಲ್ಲೈತೆ?”

ಬೆರಳಿಟ್ಟು ತೋರಿಸಿದೆ. ಅದರ ಮೇಲೆ ತನ್ನ ಬೆರಳನ್ನೂ ಇಟ್ಟಳು. ಎದುರಿನ ಬಾಳೆಹಣ್ಣಿನವನು, “ಏನಜ್ಜಿ, ಆಗೋ ಮಾತಲ್ಲ ಅಂದಿದ್ದೆ!” ಎಂದು ಕೂಗಿದ.

“ಅಂದಿದ್ದೆ, ಆಯ್ತು. ನೀನ್ ನಿನ್ ಹಣ್ಣು ನೋಡ್ಕೊಳಲೇ” ಎಂದಳು ಅವನಿಗೆ. ಪ್ರಮಾಣಪತ್ರವನ್ನು ನನ್ನ ಕೈಗೆ ವಾಪಸು ಕೊಟ್ಟಳು. ಆಮೇಲೆ ತಂಗಿಯ ಕೈಯಲ್ಲಿದ್ದ ನಾರನ್ನು ಕಿತ್ತುಕೊಂಡು ತನ್ನ ಮಡಿಲಿಗೆ ಹಾಕಿಕೊಂಡು, ನನಗೆ ಹೇಳಿದಳು:

“ನಿಂದು ನೂರಾಯ್ತು ಮಗ. ನಾಳೆ ಬೆಳಿಗ್ಗೆ ಇವ್ಳನ್ನೂ ಕರ್ಕೊಂಡೋಗಿ ಕಾಲೇಜಿಗೆ ಸೇರ್ಸು. ಕೊಸರು ಇಡ್ದೆ ನಾನು ಯಾವತ್ತೂ ಕಟ್ಟು ಕಟ್ಟಿಲ್ಲ.”